ಅತ್ತಿಗೆ ಬರೆದ ಪ್ಲಗಿನ್

ನನ್ನ ಅತ್ತಿಗೆಯನ್ನು ಕಂಡರೆ ನನಗಾಗದು. ಎದುರಿಗೆ ಬಹುವಚನ, ಬೆನ್ನ ಹಿಂದೆ ಏಕವಚನ. ಇಲ್ಲಿಯೂ ಏಕವಚನದಲ್ಲೇ ಬರೆಯುತ್ತೇನೆ. ಅಣ್ಣನ ಹೆಂಡತಿಯೆಂದು ಮನೆಯಲ್ಲಿ ಹೇಗೋ ಸಹಿಸಿಕೊಳ್ಳಬಹುದಿತ್ತು. ನನ್ನ ಗ್ರಹಚಾರ, ಆಫೀಸಿನಲ್ಲೂ ನನ್ನ ಮೇಲಿನವಳು ಅವಳೇ. ಅಲ್ಲಿ ಅವಳ ಅಡ್ಡಹೆಸರು ತಪಾಸಣೆ. ಮನೆಯಲ್ಲಿ ಒಂದೊಂದು ಸ್ವಿಚ್ಚಿನ ಕೆಳಗೂ ಚೀಟಿ ಅಂಟಿಸಿದ್ದಾಳೆ: ಫ್ಯಾನು, ದೀಪ, ಮುಟ್ಟಬೇಡಿ.

ಟೈಪಿಸ್ಟ್ ಆಗಿ ಸೇರಿದವಳು. ಊಟದ ಬಿಡುವಿನಲ್ಲಿ ಸರ್ವರ್ ರೂಮಿನವರ ಬೆನ್ನಿಗೆ ಬಿದ್ದು ಕೆಲಸ ಕಲಿತು, ಹದಿನೆಂಟು ವರ್ಷಗಳಲ್ಲಿ ಆ ರೂಮಿಗೇ ಮುಖ್ಯಸ್ಥೆಯಾದಳು. ಆ ಕುರ್ಚಿ ಬಿಟ್ಟರೆ ಅವಳಿಗೆ ಬೇರೆ ಪ್ರಪಂಚವಿಲ್ಲ.

ನಮ್ಮದು ಬಸ್ ಟಿಕೆಟ್ ಮಾರುವ ಸೈಟು. ಅದರ ಪ್ರೋಗ್ರಾಮುಗಳು ಕಂಟೇನರ್ ಎಂಬ ಡಬ್ಬಿಗಳಲ್ಲಿ ಓಡುತ್ತವೆ. ಡಬ್ಬಿಗಳನ್ನು ಎಬ್ಬಿಸುವುದು, ಅಳಿಸುವುದು ಎಲ್ಲ ಒಂದು ಸಲಕರಣೆಯ ಮೂಲಕ, ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆದೇ. ಡಬ್ಬಿಗಳ ಗುಂಪು ಎರಡು: ಜನ ಬಳಸುವ ಅಸಲಿ, ನಾವು ಪ್ರಯೋಗ ಮಾಡುವ ಪರೀಕ್ಷೆಯದು.

ಒಂದು ಮಂಗಳವಾರ ಬೆಳಿಗ್ಗೆ, ಪರದೆಯ ಒಂದು ಕಿಟಕಿಯಲ್ಲಿ ಪರೀಕ್ಷೆಯ ಗುಂಪನ್ನು ಇಟ್ಟುಕೊಂಡು, ಇನ್ನೊಂದರಲ್ಲಿ ಅಸಲಿಗೆ ಹೋಗಿ ಸುಮ್ಮನೆ ಇಣುಕಿದೆ. ಈಗ ಯಾವ ಗುಂಪು ಎನ್ನುವುದನ್ನು ಆ ಹಾಳು ಸಲಕರಣೆ ಎಲ್ಲ ಕಿಟಕಿಗಳಿಗೂ ಸೇರಿಸಿ ಒಂದೇ ಕಡೆ ಬರೆದಿಡುತ್ತದೆ. ಒಂದರಲ್ಲಿ ಬದಲಾಯಿಸಿದರೆ ಇನ್ನೊಂದೂ ಸದ್ದಿಲ್ಲದೆ ಬದಲಾಗುತ್ತದೆ. ನಾನು ಮೊದಲ ಕಿಟಕಿಗೆ ಮರಳಿ, ಪರೀಕ್ಷೆಯದೆಂದೇ ನಂಬಿ, ಎಲ್ಲ ಅಳಿಸು ಎಂದೆ. ಅಸಲಿ ಅಳಿಸಿಹೋಯಿತು. ಮಧ್ಯಾಹ್ನದ ತನಕ ಒಂದು ಟಿಕೆಟ್ಟೂ ಮಾರಾಟವಾಗಲಿಲ್ಲ.

"ಶುಕ್ರವಾರ ಮೀಟಿಂಗಲ್ಲಿ ತೀರ್ಮಾನ ಮಾಡ್ತೀನಿ," ಎಂದು ಮ್ಯಾನೇಜರ್ ಕೂಗಾಡಿದ. "ಇಂಥವನನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?"

ಅತ್ತಿಗೆ ವರದಿ ಬರೆದಳು. ಮೊದಲ ಸಾಲಿನಲ್ಲೇ ನನ್ನ ಹೆಸರು. ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ: "ಅತ್ತಿಗೆ, ನನ್ನ ಹೆಸರು ಬಿಟ್ಟು ಬರೆಯೋಕೆ ಆಗ್ತಿರಲಿಲ್ವಾ?"

"ಮಾಡಿದ್ದು ನೀನು. ಮತ್ಯಾರ ಹೆಸರು ಹಾಕಲಿ, ನಿಮ್ಮಣ್ಣಂದಾ?"

ಅಣ್ಣ ತನ್ನ ಪಾಡಿಗೆ ಸಾರು ಬಡಿಸಿಕೊಂಡ. ನಾನು ಅರ್ಧ ಊಟಕ್ಕೇ ಎದ್ದೆ.

ಮೂರು ದಿನ ಕೂತು ಅವಳು ಪ್ಲಗಿನ್ ಬರೆದಳು. ಆ ಸಲಕರಣೆಗೆ ಹೊರಗಿನಿಂದ ನಮ್ಮದೇ ಹೊಸ ಕಮಾಂಡ್ ಜೋಡಿಸಬಹುದು, ಅದೇ ಪ್ಲಗಿನ್. ಅಳಿಸುವ ಮುನ್ನ ಇದು ನೀವು ಯಾವ ಗುಂಪಿನಲ್ಲಿದ್ದೀರಿ ಎಂದು ಕೆಂಪಕ್ಷರದಲ್ಲಿ ತೋರಿಸುತ್ತದೆ. ಆ ಗುಂಪಿನ ಪೂರ್ತಿ ಹೆಸರು ಹೊಡೆಯುವ ತನಕ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಥೇಟ್ ಅವಳದೇ ಸ್ವಭಾವ.

ಶುಕ್ರವಾರ ಎಲ್ಲರೆದುರು ಮ್ಯಾನೇಜರ್ ಶುರುಮಾಡಿದ: "ಪ್ಲಗಿನ್ ಎಲ್ಲ ಆಮೇಲೆ ಮೇಡಂ. ತಲೆ ನೆಟ್ಟಗಿರೋನು ಇಂಥ ತಪ್ಪು ಮಾಡ್ತಾನಾ?"

"ನೀವೇ ಕೂತ್ಕೊಳ್ಳಿ ಸರ್," ಎಂದಳು ಅತ್ತಿಗೆ. "ಇವು ಎರಡೂ ನಕಲು ಗುಂಪು, ಹಾಳಾದ್ರೂ ಚಿಂತೆ ಇಲ್ಲ. ಎಡಗಡೆ ಕಿಟಕೀಲಿ ಪರೀಕ್ಷೆದು ಇಟ್ಕೊಳ್ಳಿ. ಬಲಗಡೆ ಅಸಲಿಗೆ ಹೋಗಿ ಎಷ್ಟು ಡಬ್ಬಿ ಇದೆ ನೋಡಿ. ಈಗ ಎಡಗಡೆ ಬಂದು ಪರೀಕ್ಷೆದು ಅಳಿಸಿ."

ಅವನು ಗತ್ತಿನಿಂದ ಹೊಡೆದ. ಅಸಲಿಯ ನಕಲು ಸಾಫ್ ಆಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತಿಗೆ ಅದನ್ನೇ ಪ್ಲಗಿನ್ ಹಾಕಿ ಮತ್ತೆ ಮಾಡಿಸಿದಳು. ಅಸಲಿಯ ಹೆಸರು ಕೆಂಪಗೆ ಬಂದು ನಿಂತಿತು. ಮ್ಯಾನೇಜರನ ಮುಖವೂ ಅದೇ ಬಣ್ಣಕ್ಕೆ ತಿರುಗಿತ್ತು. ನನ್ನ ಕೆಲಸ ಉಳಿಯಿತೆಂದು ನನಗೆ ಅಲ್ಲೇ ಗೊತ್ತಾಯಿತು. ಅವಳ ಬಗ್ಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಸಂಜೆ ಮ್ಯಾನೇಜರ್ ನಮ್ಮಿಬ್ಬರನ್ನೂ ತನ್ನ ಕೋಣೆಗೆ ಕರೆಸಿದ. ಕೂರಲು ಹೇಳಲಿಲ್ಲ.

"ತಪ್ಪು ಹುಡುಗಂದಲ್ಲ, ಸಲಕರಣೆದು. ಚೆನ್ನಾಗಿ ತೋರಿಸಿದ್ರಿ ಮೇಡಂ," ಎಂದ. "ಮೂರೇ ದಿನದಲ್ಲಿ ಸರಿಯಾಗೋ ಕೆಲಸಾನ ಇಷ್ಟು ವರ್ಷ ಮಾಡದೇ ಇದ್ದೋರು ಯಾರು? ರೂಮಿನ ಜವಾಬ್ದಾರಿ ಯಾರದಿತ್ತು?"

ಉತ್ತರಕ್ಕೆ ಕಾಯದೆ ಅವನೇ ಮುಂದುವರಿಸಿದ.

"ಸೋಮವಾರದಿಂದ ನೀವು ದೂರಿನ ಫೋನ್ ತಗೊಳ್ಳೋ ಕಡೆ ಹೋಗಿ. ರೂಮು ಇವನು ನೋಡ್ಕೊಳ್ಳಲಿ." ಅವನು ನನ್ನತ್ತ ತಿರುಗಿದ. "ಏನಪ್ಪಾ, ಆಗುತ್ತಾ?"

ಅವಳನ್ನು ಅವಮಾನಿಸಲೆಂದೇ ನನ್ನನ್ನು ಆರಿಸಿದ್ದಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೇಡ ಎನ್ನಬಹುದಿತ್ತು. ಅತ್ತಿಗೆ ಪಕ್ಕದಲ್ಲೇ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು.

"ಆಗುತ್ತೆ ಸರ್," ಎಂದೆ.