ಥಾಯ್ಲೆಂಡಿನ ಮದುವಿಗೆ ಹೊಂಟ ಕೊಬ್ಬರಿ

ಸಿಂಧನೂರಿನ ಮಂದಿನ್ನ ಟೂರಿಗೆ ಕರಕೊಂಡು ಹೋಗೋದು ನನ್ನ ಕೆಲಸ. ಥಾಯ್ಲೆಂಡಿನ್ಯಾಗ ಇಟ್ಟಕೊಂಡಿದ್ದ ಒಂದು ಮದುವಿಗೆ ಹೊಂಟ ನೆಂಟರಿಗೆಲ್ಲ ಗಂಟಲು ಹರಿಯೋ ಹಂಗ ಹೇಳಿದ್ದೆ: ಬ್ಯಾಗಿನ್ಯಾಗ ಒಣಕೊಬ್ಬರಿ ಇಡಬ್ಯಾಡ್ರಿ, ಬೆಂಕಿ ಹತ್ತತೈತಿ ಅಂತ ವಿಮಾನದಾಗ ಬಿಡಂಗಿಲ್ಲ. ಎಲ್ಲಾರೂ "ಆತಪಾ" ಅಂದಿದ್ರು.

ವಿಮಾನ ನಿಲ್ದಾಣದಾಗ ತಪಾಸಣಿ ಮಾಡೋ ಹೆಣ್ಮಗಳು ಮದುಮಗಳ ಸೋದರತ್ತಿ ಬಸಮ್ಮನ ಬ್ಯಾಗ್ ಬಿಚ್ಚಿಸಿದ್ರ, ಸೀರಿ ನಡುವ ಕೊಬ್ಬರಿ ಬಟ್ಟಲ!

"ಯವ್ವಾ, ಬ್ಯಾಡ ಅಂದಿದ್ನೆಲ್ಲಬೇ?"

"ನೀ ಹೇಳಿದ್ದು ತಿನ್ನೋ ಕೊಬ್ಬರಿಗೆ. ಇದು ಮದುಮಗಳ ಉಡಿ ತುಂಬೋದು."

"ಕಸದ ಬುಟ್ಟಿಗೆ ಹಾಕ್ರಿ" ಅಂದಳು ತಪಾಸಣಿಯಾಕಿ.

ಬಸಮ್ಮಗ ಸಿಟ್ಟು ಬಂತು. "ಉಡಿ ಸಾಮಾನ ಕಸಕ್ಕ ಹಾಕ್ತಾರೇನವಾ? ಹಿಡಿ, ನಿನಗಾ ತುಂಬತೀನಿ."

ಯೂನಿಫಾರ್ಮಿಗೆ ಸೆರಗೆಲ್ಲಿಂದ ಬರಬೇಕು? ಒಲ್ಲೆ ಅನ್ನಲಾರದ ಆಕಿ ಎರಡೂ ಕೈ ಒಡ್ಡಿದಳು. ಅದನ್ನ ನೋಡಿ ನಮ್ಮ ಉಳಿದ ಹೆಣ್ಮಕ್ಕಳೂ ತಮ್ಮ ತಮ್ಮ ಬ್ಯಾಗಿನ ಕೊಬ್ಬರಿ ಹೊರಗ ತಗದ್ರು. ಹಿಂದ ಸಾಲಿನ್ಯಾಗ ನಿಂತವರು ನನ್ನ ದುರುಗುಟ್ಟಿ ನೋಡಾಕತ್ತಿದ್ರು.

ಕೈತುಂಬ ಕೊಬ್ಬರಿ ಹಿಡಕೊಂಡು ಆಕಿ ನನಗ ಗದರಿಸಿದಳು: "ಕರಕೊಂಡು ಬರೋವ್ರು ಮೊದಲಾ ಹೇಳಬಾರದೇನ್ರಿ?"

"ಚಂದಂಗ ಬೈಯವಾ," ಅಂದಳು ಬಸಮ್ಮ. "ಈತ ಏನೂ ಹೇಳಂಗಿಲ್ಲ."