ಇಬ್ಬರೇ ಅಂಪೈರ್‌ಗಳ ಕಬಡ್ಡಿ ಅಂಕಣ

ಬೆಳಗಿನ ಆರು ಗಂಟೆ. ಮಾಲೂರಿನ ಶಾಲಾ ಮೈದಾನದಲ್ಲಿ ಕೋದಂಡರಾಮಪ್ಪ ಪಂಚೆ ಎತ್ತಿ ಕಟ್ಟಿ, ಹಗ್ಗ ಹಿಡಿದು, ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದಾರೆ. ಒಂದು ಮೂಲೆ ಸೊಟ್ಟಗಾಗಿದೆ. ಕಾಲಿನಿಂದ ಅಳಿಸಿ ಮತ್ತೆ ಎಳೆಯುತ್ತಾರೆ. ಒಂಬತ್ತಕ್ಕೆ ಕಬಡ್ಡಿ ಪಂದ್ಯಾವಳಿ ಶುರು. ಇವರೇ ಅಂಪೈರು.

ನಲವತ್ತಾರರ ಕೋದಂಡರಾಮಪ್ಪ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರು. ವಾರವೆಲ್ಲ ಕೈಯಲ್ಲಿ ಉಳಿ, ಭಾನುವಾರ ಬಾಯಲ್ಲಿ ಸೀಟಿ. ಹದಿನಾಲ್ಕು ವರ್ಷದಿಂದ ಹೀಗೇ. ವರ್ಷಕ್ಕೆ ಮೂವತ್ತು ಪಂದ್ಯಾವಳಿ, ದಿನಕ್ಕೆ ಆರೇಳು ಆಟ. ಅಂಕಣಕ್ಕೆ ನಾಲ್ಕೈದು ಜನ ಅಂಪೈರ್‌ಗಳು ಬೇಕು. ಇರುವುದು ಇವರು ಮತ್ತು ಮಾಲೂರಿನ ದರ್ಜಿ ಕದಿರೇಶ, ಇಬ್ಬರೇ.

"ರೈಡರ್ ಕೈ ಎಲ್ರಿಗೂ ಕಾಣುತ್ತೆ, ಕಾಲ್ಬೆರಳು ಕಾಣಲ್ಲ. ಮೂಲೇಲಿ ನಿಂತೋನ ಬೆನ್ನು ಅಡ್ಡ ಬಂದ್ರೆ ಮುಗೀತು," ಎನ್ನುತ್ತಾರೆ ಕೋದಂಡರಾಮಪ್ಪ.

ಮೂರು ವರ್ಷದ ಹಿಂದೆ, ಎಂಬತ್ತಮೂರನೇ ಇಸವಿಯಲ್ಲಿ, ಮುಳಬಾಗಿಲಿನ ಫೈನಲ್‌ನಲ್ಲಿ ಆದದ್ದು ಇದೇ. ಕೊನೆಯ ರೈಡ್ ರಾಯಲ್ಪಾಡಿನ ವೆಂಕಟರಮಣಪ್ಪನದು. ಎದುರಾಳಿಯ ಕಾಲಿಗೆ ತನ್ನ ಬೆರಳು ತಾಕಿತೆಂದು ಅವನು ಹೇಳಿದ. ಇವರು ನಿಂತಲ್ಲಿಂದ ಬರೀ ಬೆನ್ನು ಕಾಣುತ್ತಿತ್ತು. ಕದಿರೇಶ ಆಚೆ ಬದಿಯಲ್ಲಿದ್ದರು. ಕಾಣದಿದ್ದರೂ ಇವರೇ ತಾಕಿಲ್ಲವೆಂದು ಕೈ ಆಡಿಸಿದರು. ರಾಯಲ್ಪಾಡು ಒಂದೇ ಅಂಕದಿಂದ ಸೋತಿತು.

ಆ ಸಂಜೆ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ, ಗೆದ್ದ ತಂಡದ ಆ ಆಟಗಾರನೇ ತನಗೆ ಬೆರಳು ತಾಕಿದ್ದು ನಿಜವೆಂದು ಗೆಳೆಯರಿಗೆ ನಗುತ್ತ ಹೇಳುತ್ತಿದ್ದ. ಇವರ ಕಿವಿಗೆ ಬಿತ್ತು. ಮನೆಯಲ್ಲಿ ಊಟ ಸೇರಲಿಲ್ಲ. ಹೆಂಡತಿ ಭಾರತಮ್ಮ ಸಂಗತಿ ಕೇಳಿ, "ಹೋಗಿ ಹೇಳ್ಬಿಟ್ಟು ಬನ್ನಿ. ಇಲ್ದಿದ್ರೆ ನೀವೂ ನಿದ್ದೆ ಮಾಡಲ್ಲ, ನಂಗೂ ಬಿಡಲ್ಲ," ಎಂದರು.

ಮರುದಿನ ಮೂರು ಬಸ್ ಬದಲಾಯಿಸಿ ರಾಯಲ್ಪಾಡು ತಲುಪಿದರು. "ನಿನ್ ಆಟ ಸರಿ ಕಣಪ್ಪ. ನಾನು ನಿಂತ ಜಾಗ ತಪ್ಪು," ಎಂದರು. ಫಲಿತಾಂಶ ಬದಲಾಗುವುದಿಲ್ಲವೆಂಬುದು ಇಬ್ಬರಿಗೂ ಗೊತ್ತು. ವೆಂಕಟರಮಣಪ್ಪ, ಹಾಗಾದರೆ ಎಲ್ಲಿ ನಿಲ್ಲಬೇಕಿತ್ತು ಎಂದು ಕೇಳಿದ. ಅಂಗಳದಲ್ಲೇ ಗೆರೆ ಗೀಚಿ ಇಬ್ಬರೂ ಓಡಿ, ನಿಂತು, ಬಗ್ಗಿ ನೋಡಿದರು. ಸಾರಿಸಿದ ಅಂಗಳ ಹಾಳಾದದ್ದು ಕಂಡು ಅವನ ತಾಯಿ ಬೈರಮ್ಮ ಇಬ್ಬರನ್ನೂ ತೆಲುಗಿನಲ್ಲಿ ಬೈದು, ಆಮೇಲೆ ಮುದ್ದೆ ಬಡಿಸಿದರು.

ಆ ಅಂಗಳದಲ್ಲಿ ಹುಟ್ಟಿದ ಕ್ರಮವನ್ನೇ ಇವರೂ ಕದಿರೇಶರೂ ಇಂದಿಗೂ ಪಾಲಿಸುತ್ತಾರೆ. ರೈಡರ್ ಮೂಲೆಗೆ ತಿರುಗಿದೊಡನೆ ಆ ಬದಿಯವರು ಹಿಂದಿನ ಗೆರೆಗೆ ಓಡಬೇಕು, ಇನ್ನೊಬ್ಬರು ನಡುಗೆರೆ ಬಿಡಬಾರದು. ಕಾಣದಿದ್ದರೆ ಕಾಲರ್ ಮುಟ್ಟಿಕೊಳ್ಳಬೇಕು. ಆಗ ತೀರ್ಪು ಇನ್ನೊಬ್ಬರದು. "ಈಗ್ಲೂ ವರ್ಷಕ್ಕೆ ಒಂದೆರಡು ತಪ್ಪುತ್ತೆ. ಕಾಣ್ಲಿಲ್ಲ ಅನ್ನೋಕೆ ಮಾತ್ರ ನಾಚ್ಕೊಳಲ್ಲ," ಎನ್ನುತ್ತಾರೆ ಕದಿರೇಶ.

ಹೋದ ತಿಂಗಳು ಶ್ರೀನಿವಾಸಪುರದಲ್ಲಿ ಇಬ್ಬರೂ ಒಟ್ಟಿಗೇ ಕಾಲರ್ ಮುಟ್ಟಿಕೊಂಡರು. ಮೂಲೆಯಲ್ಲಿದ್ದವನು ವೆಂಕಟರಮಣಪ್ಪ. ರೈಡರ್‌ನ ಬೆರಳು ತನಗೆ ತಾಕಿತೆಂದು ಅವನು ತಾನೇ ಕೈಯೆತ್ತಿ ಅಂಕಣದಿಂದ ಹೊರನಡೆದ. ಅವನ ತಂಡದವರು ಗೊಣಗಿದರು. "ಆವಯ್ಯ ಮೂರು ಬಸ್ ಹತ್ತಿ ಬಂದಿದ್ರು. ನಾನು ಹತ್ತು ಹೆಜ್ಜೆ ಹೋಗ್ಬಾರ್ದಾ?" ಎಂದನಂತೆ. ಆಟವನ್ನು ರಾಯಲ್ಪಾಡೇ ಎರಡು ಅಂಕದಿಂದ ಗೆದ್ದಿತು.

ಆ ಮಾತು ತೆಗೆದರೆ ಕೋದಂಡರಾಮಪ್ಪನವರ ಮುಖ ಅರಳುತ್ತದೆ. "ಸಾವಿರಾರು ಔಟ್ ಕೊಟ್ಟಿದೀನಿ ಸಾರ್. ಅದೊಂದಕ್ಕೆ ಮಾತ್ರ ನಾನು ಸೀಟೀನೇ ಊದ್ಲಿಲ್ಲ."