ಅಂಗಳದಿಂದ ಕೂಗುತ್ತಿದ್ದ ಟೀಚರ್

ಬ್ಯಾಕೋಡಿನ ಕಡೆಯ ನಮ್ಮೂರಿನ ಅಂಗನವಾಡಿ ಟೀಚರ್ ಯಾರ ಮನೆಯ ಬಾಗಿಲನ್ನೂ ತಟ್ಟುತ್ತಿರಲಿಲ್ಲ. ಅಂಗಳದಲ್ಲೇ ನಿಂತು ಸಣ್ಣಗೆ ಕೆಮ್ಮಿ, "ನಾನು ಮಾರಾಯ್ರೇ" ಎಂದು ಕೂಗುತ್ತಿದ್ದರು. ಹೆಸರು ಬೇಕಿರಲಿಲ್ಲ, ಆ ದನಿಯೇ ಸಾಕಿತ್ತು. ಪೋಲಿಯೋ ಹನಿಯಿರಲಿ, ವೋಟಿನ ಚೀಟಿಯಿರಲಿ, ಅವರು ಹೇಳಿದರೆ ಊರು ಹೊರಡುತ್ತಿತ್ತು.

ಒಂದು ಚುನಾವಣೆಯ ಬೆಳಿಗ್ಗೆ ಮನೆಮನೆಯ ಫೋನಿಗೂ ಅದೇ ಕೆಮ್ಮು, ಅದೇ ದನಿ ಬಂತು. "ನಾನು ಮಾರಾಯ್ರೇ. ಇವತ್ತು ವೋಟಿಲ್ಲ, ಮುಂದಕ್ಕೆ ಹೋಯ್ತು." ನಾವು ಯಾರೂ ಹೋಗಲಿಲ್ಲ.

ಮತಗಟ್ಟೆ ಮುಚ್ಚಿದ ಮೇಲೆ, ದಿನವಿಡೀ ಅಲ್ಲೇ ಡ್ಯೂಟಿಯಲ್ಲಿದ್ದ ಟೀಚರ್ ಏದುಸಿರು ಬಿಡುತ್ತಾ ಬಂದರು. "ಎಂತಕ್ಕೆ ಯಾರೂ ಬರ್ಲಿಲ್ಲ?"

"ನೀವೇ ಫೋನ್ ಮಾಡಿದ್ರಲ್ಲ ಟೀಚರ್!"

ನನ್ನ ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಸಿದೆ. ಅವರು ಗಂಟಲು ಮುಟ್ಟಿಕೊಂಡು, "ನಾನು ಹೀಂಗೆ ಹೇಳಿದ್ನಾ?" ಎಂದು ನನ್ನನ್ನೇ ಕೇಳಿದರು. ಯಾರೋ ಕಂಪ್ಯೂಟರಿನಲ್ಲಿ ನಿಮ್ಮ ದನಿ ತಯಾರಿಸಿದ್ದಾರೆ ಎಂದೆ. ಟೀಚರ್ ಹೇಳಿದರು: "ಪ್ರಚಾರದ ಆಟೋಕ್ಕೆ ಮೈಕ್ ಕಟ್ಟೂಕೂ ಪರ್ಮಿಷನ್ ಬೇಕು. ನನ್ ದನಿ ತಗಂಡು ಹೋಗೂಕೆ ಯಾರ್ ಪರ್ಮಿಷನ್ನೂ ಬ್ಯಾಡ್ವಾ?"

ಅಂದಿನಿಂದ ಅವರು ಕೂಗುವುದನ್ನು ಬಿಟ್ಟರು. ನಾವು ಹೊರಬಂದು ಮುಖ ನೋಡುವವರೆಗೂ ಅಂಗಳದಲ್ಲಿ ಸುಮ್ಮನೆ ನಿಂತಿರುತ್ತಿದ್ದರು. ನಾಯಿ ಬೊಗಳಿದರಷ್ಟೇ ನಮಗೆ ಗೊತ್ತಾಗುತ್ತಿತ್ತು.

ಮುಂದಿನ ಚುನಾವಣೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ನಾಯಿ ಬೊಗಳಿತು. ಹೊರಗೆ ಬಂದೆ. ಟೀಚರ್ ವೋಟಿನ ಚೀಟಿ ಹಿಡಿದು, ತುಟಿ ಬಿಗಿದು ನಿಂತಿದ್ದರು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಫೋನ್ ರಿಂಗಾಯಿತು. ಎತ್ತಿದೆ.

ಮೊದಲು ಸಣ್ಣ ಕೆಮ್ಮು ಕೇಳಿತು. ಆಮೇಲೆ, "ನಾನು ಮಾರಾಯ್ರೇ."